ಸಂತೆಗೆ ತನ್ನ ಕಾಲ ಮೇಲೆ ಬಂದ ಕಾರು

ಕಾರು ಕೊಳ್ಳುವ ದಿನ ನಿಜಗುಣಪ್ಪ ಅದರ ಸುತ್ತ ಮೂರು ಸಲ ತಿರುಗಿದ. ಟೈರಿನ ಮೇಲೆ ಅಂಗೈ ಆಡಿಸಿದ. ಬಾನೆಟ್ಟು ಎತ್ತಿಸಿ, ಒಳಗೆ ಬಗ್ಗಿ ಮೂಸಿದ. ಹಿಂದಿನಿಂದ ಹೋಗಿ ಡಿಕ್ಕಿಯ ಮೇಲೆ ಫಟ್ ಎಂದು ಒಂದು ಏಟು ಕೊಟ್ಟು, ಬೆದರುತ್ತದೋ ಇಲ್ಲವೋ ನೋಡಿದ. ಕಾರು ಬೆದರಲಿಲ್ಲ, ಒದೆಯಲಿಲ್ಲ, ಹಾಯಲೂ ಇಲ್ಲ. ಸಾಧು ಪ್ರಾಣಿ ಎಂದು ತೀರ್ಮಾನಿಸಿದ. ಮಾಡದೆ ಬಿಟ್ಟ ಕೆಲಸ ಒಂದೇ. ಅದನ್ನು ಓಡಿಸಿ ನೋಡಲಿಲ್ಲ.

ತಪ್ಪು ಅವನದಕ್ಕಿಂತ ಅವನ ನೌಕರಿಯದು. ನಿಜಗುಣಪ್ಪ ಯರಗಟ್ಟಿಯ ದನದ ದವಾಖಾನೆಯಲ್ಲಿ ಕಂಪೌಂಡರ್. ಅಲ್ಲಿ ಡಾಕ್ಟರ ಹುದ್ದೆ ನಾಲ್ಕು ವರ್ಷದಿಂದ ಖಾಲಿ ಇತ್ತು. ದನಗಳು ಅರ್ಜಿ ಬರೆಯುವುದಿಲ್ಲವಾದ್ದರಿಂದ ಸರ್ಕಾರಕ್ಕೂ ಅವಸರವಿರಲಿಲ್ಲ. ಹೀಗಾಗಿ ಜನ ಅವನನ್ನೇ ಡಾಕ್ಟರ್ ಸಾಹೇಬರೆಂದು ಕರೆದರು, ಅವನೂ ಓಗೊಟ್ಟ. ವಾರಕ್ಕೊಮ್ಮೆ ಬೈಲಹೊಂಗಲದ ದನದ ಸಂತೆಯಲ್ಲಿ, ಮಾರುವ ದನಗಳನ್ನು ನೋಡಿ ರೋಗವಿಲ್ಲವೆಂದು ಚೀಟಿ ಕೊಡುವುದು ಅವನ ಡ್ಯೂಟಿ. ಆ ಸಂತೆಯ ದಲ್ಲಾಳಿ ದುಂಡಪ್ಪ, ಎತ್ತಿನ ಜೊತೆಗೆ ಹಳೆಯ ಕಾರುಗಳನ್ನೂ ಮಾರತೊಡಗಿದ್ದು ಆ ವರ್ಷವೇ. ಒಂದು ಖಿಲಾರಿ ಎತ್ತಿಗೂ ಒಂದು ಜರ್ಸಿ ಆಕಳಿಗೂ ನಡುವೆ ಈ ಬಿಳಿ ಕಾರು ನಿಂತಿತ್ತು. ಕಂಪನಿಯ ಹೆಸರಿನ ಅಕ್ಷರಗಳು ಉದುರಿ, ಅದು ಯಾವ ತಳಿ ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ದರವನ್ನು ಎತ್ತಿನ ಪದ್ಧತಿಯಂತೆ ಟವೆಲಿನ ಕೆಳಗೆ ಬೆರಳು ಹಿಡಿದು ಮಾತಾಡಿದರು. ದುಂಡಪ್ಪ ಬಾನೆಟ್ಟಿಗೆ ಭಂಡಾರದ ಅರಿಶಿಣ ಬಳಿದ. ವ್ಯಾಪಾರ ಮುಗಿಯಿತು.

ಗ್ಯಾರಂಟಿ ಕಾಗದವನ್ನು ನಿಜಗುಣಪ್ಪ ಕೇಳದೆ ಇರಲಿಲ್ಲ. ದುಂಡಪ್ಪನ ಮುಖ ಸಣ್ಣದಾಯಿತು.

"ಏನ್ ಸಾಹೇಬ್ರ, ಇಷ್ಟ ವರ್ಷ ಸಂತಿ ಮಾಡೀರಿ. ಎತ್ತಿಗೆ ಯಾರರ ಗ್ಯಾರಂಟಿ ಕಾಗದ ಕೊಡತಾರೇನ್ರಿ? ಸಂತಿ ಮಾತ ಐತಲ್ಲ."

ಸಂತೆಯ ಮಾತು ಇಷ್ಟು. ಕೊಂಡ ಎತ್ತು ನೊಗಕ್ಕೆ ಹೂಡಿದಾಗ ಮಲಗಿದರೆ, ಮುಂದಿನ ಸಂತೆಯ ದಿನ ಹೊತ್ತು ಮುಳುಗುವುದರೊಳಗೆ ವಾಪಸು ತರಬಹುದು. ಪೂರಾ ರೊಕ್ಕ ಮರಳಿ ಕೊಡಬೇಕು. ಆದರೆ ಎತ್ತು ತನ್ನ ಕಾಲ ಮೇಲೆ ತಾನೇ ನಡೆದು ಬರಬೇಕು. ಚಕ್ಕಡಿಯಲ್ಲಿ ಹೇರಿಕೊಂಡು ತಂದರೆ ಯಾರೂ ಮುಟ್ಟುವುದಿಲ್ಲ. ಕೊಂಡವನೇ ಕೆಡಿಸಿದ ಎಂದು ಲೆಕ್ಕ.

ಮೂರನೆಯ ದಿನ ಕಾರು ಕೆಮ್ಮಿತು. ಐದನೆಯ ದಿನ ಮೂಗಿನಿಂದ ಬಿಳಿ ಹೊಗೆ ಬಿಟ್ಟಿತು. ಏಳನೆಯ ದಿನ, ಸಂತೆಯ ದಿನ, ಬೆಳಿಗ್ಗೆ ಕೀಲಿ ತಿರುವಿದರೆ ಹೊಟ್ಟೆಯೊಳಗೆ ಕುರ್ರ್ ಎಂದು ಸುಮ್ಮನಾಯಿತು.

ಹೆಂಡತಿ ಅನ್ನಪೂರ್ಣಾ ಹೊಸ್ತಿಲ ಮೇಲೆ ನಿಂತಿದ್ದಳು. ಕಾರಿಗೆ ಹೋದ ರೊಕ್ಕ ಅವಳದು. ಆರು ವರ್ಷ ಹಪ್ಪಳ, ಶ್ಯಾವಿಗೆ ಮಾಡಿ ಮಾರಿ, ಮನೆಯ ಮೇಲಿನ ತಗಡು ತೆಗೆಸಿ ಸ್ಲ್ಯಾಬ್ ಹಾಕಿಸಲು ಕೂಡಿಸಿಟ್ಟಿದ್ದು. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ಮನೆಮಂದಿಯೆಲ್ಲ ಹಂಚಿನ ಮೇಲಿನ ರೊಟ್ಟಿಯಂತೆ ಮಗ್ಗುಲು ಬದಲಿಸುತ್ತಿದ್ದರು. ಕಾರು ಬಾಡಿಗೆಗೆ ಓಡಿಸಿದರೆ ಒಂದೇ ವರ್ಷದಲ್ಲಿ ಎರಡು ಸ್ಲ್ಯಾಬಿನ ರೊಕ್ಕ ಬರುತ್ತದೆ ಎಂದು ನಿಜಗುಣಪ್ಪ ಅವಳನ್ನು ಒಪ್ಪಿಸಿದ್ದ.

"ಇವತ್ತ ಹೊತ್ತ ಮುಳಗೂದರಾಗ ರೊಕ್ಕ ಬರಬೇಕ್ ನೋಡ್ರಿ," ಎಂದಳು ಅನ್ನಪೂರ್ಣಾ. "ಬರಲಿಲ್ಲಂದ್ರ ಬರೂ ಸಂತಿಗೆ ನಿಮ್ಮನ್ನ ಹೊಡಕೊಂಡ ಹೋಗತೇನಿ. ನಿಮ್ಮ ಕಾಲರ ನೆಟ್ಟಗ ಅದಾವು."

ನಿಜಗುಣಪ್ಪ ಒಳಗಿನಿಂದ ಸ್ಟೆಥಾಸ್ಕೋಪ್ ತಂದು, ಬಾನೆಟ್ಟು ಎತ್ತಿ, ಇಂಜಿನ್ನಿನ ಮೇಲೆ ಅಲ್ಲಲ್ಲಿ ಇಟ್ಟು ಕೇಳತೊಡಗಿದ. ಪಕ್ಕದ ಮನೆಯ ಹಣಮಂತಪ್ಪ ಬೇವಿನ ಕಡ್ಡಿ ಕಚ್ಚಿಕೊಂಡು ಬಂದು ನಿಂತ. ಮೂವತ್ತು ವರ್ಷ ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು. ಎಲ್ಲಿ ನಾಲ್ಕು ಚಕ್ರ ಕಂಡರೂ ಅದರ ಹೊಣೆ ತನ್ನದೇ ಎಂದು ತಿಳಿದವನು.

"ಏನಂತೈತೋ?"

"ಏನೂ ಅನ್ನವಲ್ಲದು."

"ನಿಜಗುಣಪ್ಪ, ನನಗೊಂದ ಸಂಶೇ ಐತಿ. ಇದು ತನ್ನ ಕಾಲ ಮ್ಯಾಲ ತಾನ ಹೋಗಬೇಕಂತಿ. ಓಡಕೋಂತ ಹೋತಂದ್ರ, ಇದಕ್ಕ ಏನೂ ಆಗಿಲ್ಲಲ್ಲಾ, ಯಾಕ ತಂದಿ ಅಂತಾರ. ಓಡಲಿಲ್ಲಂದ್ರ ಹೋಗೂದ ಆಗೂದಿಲ್ಲ. ಮತ್ತ ವಾಪಸ್ ಹೆಂಗ ಮಾಡತಿ?"

ನಿಜಗುಣಪ್ಪನ ಕೈಯಲ್ಲಿದ್ದ ಸ್ಟೆಥಾಸ್ಕೋಪಿನ ನಳಿಕೆ ಗಾಳಿಯಲ್ಲೇ ನಿಂತಿತು. ಇಷ್ಟು ವರ್ಷ ಸಂತೆ ಮಾಡಿದರೂ ಈ ಪ್ರಶ್ನೆ ಅವನಿಗೆ ಹೊಳೆದಿರಲಿಲ್ಲ. ಎತ್ತಿನ ಮಟ್ಟಿಗೆ ಅದು ಸರಳ, ನಡೆಯುವುದು ಬೇರೆ, ಎಳೆಯುವುದು ಬೇರೆ. ಕಾರಿಗೆ ಎರಡೂ ಒಂದೇ ಕೆಲಸ. ಬಾನೆಟ್ಟು ಮುಚ್ಚಿ ಅಂದ:

"ಹಾದಿ ಪೂರ್ತಿ ಚೊಲೊ ಇರಬೇಕು. ಸಂತ್ಯಾಗ ಹಿರೇರ ಮುಂದ ಹೋಗಿ ಬೀಳಬೇಕು."

"ಹಂಗಂತ ಇದಕ್ಕ ಯಾರ ಹೇಳಬೇಕು?"

ಹೇಳಬಲ್ಲವನು ಒಬ್ಬನೇ ಇದ್ದ. ಬಸ್‌ಸ್ಟ್ಯಾಂಡಿನ ಹಿಂದೆ ಗ್ಯಾರೇಜಿಟ್ಟ ಮೀರಾಸಾಬ. ಓಣಿಯ ನಾಲ್ಕು ಮಂದಿ ಕಾರನ್ನು ಅಲ್ಲಿಯವರೆಗೆ ದೂಡಿದರು. ಹಣಮಂತಪ್ಪ ದೂಡಲಿಲ್ಲ, ಹಿಂದಿನ ಸೀಟಿನಲ್ಲಿ ಕೂತು "ರೈಟ್, ರೈಟ್" ಅಂದ.

ಮೀರಾಸಾಬ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ಬಿಸಿಲಿಗೆ ಹಿಡಿದ. "ನೋಡ್ರಿ ಡಾಕ್ಟರ್ ಸಾಹೇಬ್ರ. ಆಯಿಲ್ ಹಾಲಿನ ಚಹಾದಂಗ ಆಗೇತಿ. ಗ್ಯಾಸ್ಕೆಟ್ ಹೋಗಿ ಇಂಜಿನ್‌ದಾಗ ನೀರ ಇಳ್ಯಾಕ ಹತ್ತೇತಿ."

ರೋಗಕ್ಕೆ ಒಂದು ಹೆಸರು ಸಿಕ್ಕಿದ್ದೇ ನಿಜಗುಣಪ್ಪನಿಗೆ ಅರ್ಧ ಸಮಾಧಾನವಾಯಿತು. "ಇದು ಹೊಸ ಜಡ್ಡೋ, ಹಳೇದೋ?"

"ವರ್ಷದ್ದು. ಯಾರೋ ಮ್ಯಾಲ ಬಣ್ಣಾ ಬಳದ ಮುಚ್ಚ್ಯಾರ."

"ಸಂತ್ಯಾಗ ಬಂದ ಹಂಗಂತ ಹೇಳ್ತೀಯೇನ?"

"ಹೇಳ್ತೇನ್ರಿ. ನಾ ಏನ್ ಯಾರಪ್ಪಂದ ತಿಂದೇನಿ?"

"ಹಂಗಾರ ಒಂದ ಕೆಲಸ ಮಾಡು. ಇದು ಬೈಲಹೊಂಗಲ ಮುಟ್ಟೂ ತನಕ ಚೊಲೊ ಇರಬೇಕು. ಮುಟ್ಟಿದ ಕೂಡಲೆ ಕೆಡಬೇಕು."

ಮೀರಾಸಾಬ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ.

"ಸಾಹೇಬ್ರ, ಇಪ್ಪತ್ತಾರ ವರ್ಷ ಆತು ನಾ ಈ ಕೆಲಸಾ ಮಾಡಾಕ ಹತ್ತಿ. ರಿಪೇರಿ ಮಾಡಿ ಅನ್ನಾವ್ರನ್ನ ನೋಡೇನಿ. ರಿಪೇರಿ ಬ್ಯಾಡ ಅನ್ನಾವ್ರನ್ನೂ ನೋಡೇನಿ. ನೀವು ಎರಡೂ ಮಾಡು ಅನ್ನಾಕ ಹತ್ತೀರಿ. ಕೂಲಿ ಯಾವುದರದ್ದ ಹಿಡೀಲಿ?"

ಕೊನೆಗೆ ಮೀರಾಸಾಬ ತನ್ನ ಮನೆಯೊಳಗಿಂದ ಒಂದು ಬಟ್ಟಲು ಅರಿಶಿಣ ಪುಡಿ ತರಿಸಿ ರೇಡಿಯೇಟರಿನ ನೀರಿಗೆ ಸುರಿದ. ಸೋರುವ ಬಿರುಕಿನಲ್ಲಿ ಅದು ಹೋಗಿ ಕೂತು ಸ್ವಲ್ಪ ಹೊತ್ತು ತಡೆಯುತ್ತದಂತೆ. ಗಾಯಕ್ಕೆ ಅರಿಶಿಣ ಹಚ್ಚುವುದು ನಿಜಗುಣಪ್ಪನಿಗೂ ಗೊತ್ತಿದ್ದ ವೈದ್ಯವೇ. ಮಧ್ಯಾಹ್ನ ಕಳೆದ ಮೇಲೆ ಇಂಜಿನ್ ಎರಡು ಸಲ ಸೀನಿ ಎದ್ದು ಕೂತಿತು. ನಿಜಗುಣಪ್ಪ ಸ್ಟೀರಿಂಗ್ ಹಿಡಿದ, ಮೀರಾಸಾಬ ಸಾಕ್ಷಿ ಹೇಳಲು ಪಕ್ಕದಲ್ಲಿ ಕೂತ. ಹಿಂದೆ ಹಣಮಂತಪ್ಪ ಇದ್ದೇ ಇದ್ದ.

ಚಚಡಿ ಸಮೀಪಿಸುವಾಗ ಬಾನೆಟ್ಟಿನ ಸಂದಿಯಿಂದ ಉಗಿ ಎದ್ದಿತು. ಹಣಮಂತಪ್ಪ "ಹೋಲ್ಡಾನ್" ಅಂದ, ಕಾರು ಅವನ ಮಾತು ಕೇಳಿದಂತೆ ನಿಂತಿತು. ನೀರು ಬೇಕಿತ್ತು. ರಸ್ತೆಯ ಬದಿಯ ಹೊಲದಲ್ಲಿ ಒಬ್ಬ ರೈತ ಬಾವಿಯ ಬಳಿ ಕೊಡ ಇಟ್ಟುಕೊಂಡು ನಿಂತಿದ್ದ. ನಿಜಗುಣಪ್ಪನನ್ನು ನೋಡಿದ ಕೂಡಲೆ ಅವನ ಮುಖ ಅರಳಿತು.

"ಡಾಕ್ಟರ್ ಸಾಹೇಬ್ರಲ್ಲೇನ್ರಿ? ಹೋದ ತಿಂಗಳ ನನ್ನ ಎಮ್ಮಿ ಮೇವ ಬಿಟ್ಟಿತ್ರಿ. ನಾಕ ಸಲ ದವಾಖಾನಿಗೆ ಬಂದೆ. ಸಾಹೇಬರು ಮೀಟಿಂಗಿಗೆ ಹೋಗ್ಯಾರ ಅಂದ್ರು."

"ಎಮ್ಮಿ ಎಲ್ಲೈತಿ ಈಗ?"

"ಅಲ್ಲೇ ಐತ್ರಿ. ತಾನ ಆರಾಮ ಆಗೇತಿ."

"ಹಂಗಾರ ಚೊಲೊ ಆತಲ್ಲ. ಒಂದ ಕೊಡ ನೀರ ಕೊಡ್ರಿ."

"ಕೊಡತೇನ್ರಿ. ಮೊದಲ ಎಮ್ಮಿ ನೋಡ್ರಿ."

"ಆರಾಮ ಐತಂದ್ರಲ್ಲ, ಏನ್ ನೋಡೂದು?"

"ನಾಕ ಸಲ ಬಂದೇನ್ರಿ. ಒಮ್ಮೆರ ನೋಡ್ರಿ."

ರೈತ ಕೊಡದ ಮೇಲೆ ಕಾಲಿಟ್ಟು ನಿಂತ. ನಿಜಗುಣಪ್ಪ ಕೆಸರು ತುಳಿದು ಹೋಗಿ, ಯಾವ ರೋಗವೂ ಇಲ್ಲದ ಎಮ್ಮೆಯ ಬಾಯಿ ತೆರೆದ, ಕಣ್ಣಿನ ರೆಪ್ಪೆ ಎಳೆದ, ಹೊಟ್ಟೆಗೆ ಕಿವಿ ಹಚ್ಚಿದ, ಬಾಲ ಎತ್ತಿದ. ರೈತ ಬಿಡಲಿಲ್ಲ. "ಈ ಕಡೆ ಕೊಂಬ ಉಳೀತ್ರಿ" ಎಂದು ತೋರಿಸಿದ. ಗಡಿಯಾರದಲ್ಲಿ ಒಂದು ತಾಸು ಹೋಯಿತು. ಎಮ್ಮೆಯೂ ಇಷ್ಟು ಮರ್ಯಾದೆಯನ್ನು ಎಂದೂ ಕಂಡಿರಲಿಲ್ಲ; ಮುಜುಗರದಿಂದ ಆಚೆ ನೋಡುತ್ತ ನಿಂತಿತ್ತು.

ಆ ನೀರು ಹೊಟ್ಟೆಗೆ ಬಿದ್ದದ್ದೇ ಕಾರಿಗೆ ಏನಾಯಿತೋ. ಕೆಮ್ಮು ನಿಂತಿತು. ಹೊಗೆ ನಿಂತಿತು. ಇಂಜಿನ್ನಿನ ಸದ್ದು ಹೊಲಿಗೆ ಮಶಿನ್ನಿನಷ್ಟು ನಯವಾಯಿತು. ಎದುರಿನ ಏರನ್ನು ಗೇರು ಬದಲಿಸದೆ ಹತ್ತಿತು. ಒಂದು ಟ್ರ್ಯಾಕ್ಟರನ್ನು, ಆಮೇಲೆ ಒಂದು ಟೆಂಪೋವನ್ನು ಹಿಂದೆ ಹಾಕಿತು.

ಮೀರಾಸಾಬ ಎದೆಯ ಮೇಲೆ ಕೈಯಿಟ್ಟುಕೊಂಡು ಇಂಜಿನ್ನಿನ ಸದ್ದನ್ನು ಆಲಿಸುತ್ತಿದ್ದ. ನಿಜಗುಣಪ್ಪ ಅವನತ್ತ ತಿರುಗಿದ.

"ಮೀರಾಸಾಬ, ಇದ್ಯಾಕ ಹಿಂಗ ಓಡಾಕ ಹತ್ತೇತಿ?"

"ನನ್ನ ಕೈಗುಣ ಅನ್ರಿ."

"ನಿನ್ನ ಕೈಗುಣ ನನ್ನ ಮನಿ ತಗೀತೈತಿ. ಹಿಂಗ ಹೋಗಿ ನಿಂತ್ರ ಇದಕ್ಕೇನಾಗೇತಿ ಅಂತಾರ."

"ಒಂದ ವಿಚಾರ ಮಾಡು," ಎಂದ ಹಣಮಂತಪ್ಪ ಹಿಂದಿನಿಂದ. "ಇಷ್ಟ ಚೊಲೊ ಓಡತೈತಂದ್ರ ವಾಪಸ್ ಯಾಕ ಮಾಡತಿ? ಮನಿಗೆ ತಿರುಗಿಸು."

ನಿಜಗುಣಪ್ಪ ಗಾಬರಿಯಾದ. ಇದೂ ಹೌದಲ್ಲ ಎನಿಸಿತು. ರೋಗವಿದ್ದರೆ ವಾಪಸು ಮಾಡಬೇಕು, ರೋಗವಿಲ್ಲದಿದ್ದರೆ ಇಟ್ಟುಕೊಳ್ಳಬೇಕು. ಆದರೆ ಇದು ರೋಗವಿದ್ದೂ ಇಲ್ಲದಂತೆ ಓಡುತ್ತಿದೆ. ಇಟ್ಟುಕೊಂಡರೆ ನಾಳೆ ಸಾಯುತ್ತದೆ, ಒಯ್ದರೆ ಇಂದು ಬದುಕಿದೆ. ಅವನ ತಲೆಯೊಳಗೂ ಆಯಿಲ್ಲಿಗೆ ನೀರು ಕೂಡಿದಂತಾಯಿತು. ಬೈಲಹೊಂಗಲ ಒಂದು ಮೈಲಿ ಇದ್ದಾಗ ಕಾರನ್ನು ಬದಿಗೆ ಹಾಕಿ, ಕೀಲಿ ತಿರುವಿ ಬಂದ್ ಮಾಡಿದ.

"ಸ್ವಲ್ಪ ಏನರ ಕೆಡಸು ಮೀರಾಸಾಬ. ಭಾಳ ಬ್ಯಾಡ. ಹಿರೇರಿಗೆ ಕಾಣೂವಷ್ಟು."

ಮೀರಾಸಾಬನ ದನಿ ಏರಲಿಲ್ಲ. "ಕೆಟ್ಟ ಗಾಡಿ ನೆಟ್ಟಗ ಮಾಡೂದ ನನ್ನ ಕೆಲಸ. ನೆಟ್ಟಗಿದ್ದದ್ದ ಕೆಡಸಾಕ ಬ್ಯಾರೆ ಮಂದಿ ಅದಾರ. ಓಟ ಹಾಕಿ ಆರಿಸಿ ಕಳಿಸೀರಿ, ಕೇಳ್ರಿ ಅವರಿಗೆ."

ಕೆಡಿಸುವ ಅಗತ್ಯವೇ ಬೀಳಲಿಲ್ಲ. ಮತ್ತೆ ಕೀಲಿ ತಿರುವಿದರೆ ಕುರ್ರ್ ಎಂದು ಸುಮ್ಮನಾಯಿತು. ಹತ್ತು ಸಲ ತಿರುವಿದರೂ ಅಷ್ಟೇ. ಪಡುವಣದಲ್ಲಿ ಹೊತ್ತು ಜಾಲಿ ಗಿಡದ ನೆತ್ತಿಗೆ ಇಳಿದಿತ್ತು. ಅನ್ನಪೂರ್ಣಾಳ ಸ್ಲ್ಯಾಬು ಆ ಹೊತ್ತಿನ ಜೊತೆಗೇ ಇಳಿಯತೊಡಗಿತು.

ಹಿಂದೆ ಬಂದ ಕಬ್ಬಿನ ಟ್ರ್ಯಾಕ್ಟರಿನಿಂದ ಕಬ್ಬು ಕಡಿಯುವ ಆಳುಗಳು ಇಳಿದರು. "ದೂಡತೇವ್ರಿ ಸಾಹೇಬ್ರ," ಅಂದರು.

"ದೂಡಿದ್ರ ತನ್ನ ಕಾಲ ಮ್ಯಾಲ ಬಂದಂಗಾತೇನು?" ಎಂದು ನಿಜಗುಣಪ್ಪ ಹಣಮಂತಪ್ಪನನ್ನು ಕೇಳಿದ.

"ತಿರುವಿನ ತನಕ ದೂಡಲಿ. ಅಲ್ಲಿತನಕ ಸಂತಿ ಕಾಣೂದಿಲ್ಲ."

ಎಂಟು ಮಂದಿ ದೂಡಿದರು. ತಿರುವು ಬಂತು, ಇಂಜಿನ್ ಏಳಲಿಲ್ಲ. ಮುಂದೆ ಇಳುಕಲು. ಕಾರು ತಾನಾಗಿ ಉರುಳತೊಡಗಿದಾಗ ಮೀರಾಸಾಬ ಕೈ ಚಾಚಿ ಗೇರಿಗೆ ಹಾಕಿದ. ಢಂ ಎಂದು ಒಂದು ಸದ್ದಾಯಿತು, ಕರಿ ಹೊಗೆಯ ಮೋಡವೆದ್ದಿತು. ಕಾರು ಕುಂಟುತ್ತ, ಗುಟುರು ಹಾಕುತ್ತ ಸಂತೆಯ ಒಳಗೆ ನುಗ್ಗಿತು. ಎತ್ತುಗಳು ಗೂಟ ಕಿತ್ತವು. ಒಂದು ಹೋರಿ ಬಾಳೆಹಣ್ಣಿನ ಗಾಡಿಯ ಮೇಲೆ ಕಾಲಿಟ್ಟಿತು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಬೇವಿನ ಮರದ ಕಟ್ಟೆಯ ಮೇಲೆ ಸಂತೆಯ ಹಿರಿಯರು ಕೂತಿದ್ದರು. ಸರಿಯಾಗಿ ಅವರ ಮುಂದೆ ಬಂದು ಕಾರು ಒಮ್ಮೆ ಮೈಯೆಲ್ಲ ನಡುಗಿಸಿ ನಿಂತಿತು. ಕೆಳಗಿನಿಂದ ಹಳದಿ ನೀರು ಹರಿಯಿತು.

ಹಿರಿಯರ ಪೈಕಿ ಹಿರಿಯರಾದ ರುದ್ರಗೌಡರು ಎದ್ದು ಬಂದು ಕೋಲಿನಿಂದ ಟೈರು ಮುಟ್ಟಿದರು. ನೂರೆಂಟು ದನ ಕಂಡ ಕಣ್ಣು ಅವರದು.

"ಮಲಗೇತಿ," ಅಂದರು. "ಆದ್ರ ನಡದ ಬಂದೇತಿ."

ನಿಜಗುಣಪ್ಪನ ಕಣ್ಣು ತುಂಬಿ ಬಂತು. ಇದಕ್ಕಿಂತ ಚೆನ್ನಾಗಿ ಯಾವ ಎತ್ತೂ ನಡೆದು ಬಂದು ಮಲಗಿರಲಿಲ್ಲ. ಮೀರಾಸಾಬ ಮುಂದೆ ಬಂದು, ಎಣ್ಣೆಯ ಕಡ್ಡಿ ತೋರಿಸಿ, ಇದು ವರ್ಷದ ಜಡ್ಡೆಂದು ಸಾಕ್ಷಿ ಹೇಳಿದ. ಹೊತ್ತಿನ್ನೂ ಒಂದು ಮಾರು ಮೇಲಿತ್ತು. ರುದ್ರಗೌಡರು ದುಂಡಪ್ಪನತ್ತ ನೋಡಿದರು.

"ಏನಂತಿ?"

ದುಂಡಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ನಿಧಾನಕ್ಕೆ ಉಗುಳಿ ಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು.

"ಸಂತಿ ಮಾತ ನಾ ಮೀರೂದಿಲ್ಲ ಗೌಡ್ರ. ಆದ್ರ ದವಾಖಾನಿ ಚೀಟಿ ಇದ್ದದ್ದನ್ನ ವಾಪಸ್ ತಗೊಳ್ಳೂ ಪದ್ಧತಿ ಇಲ್ಲಲ್ರಿ."

"ಕಾರಿಗೆ ಎಲ್ಲಿ ಚೀಟಿ?" ಎಂದು ನಿಜಗುಣಪ್ಪ ನಕ್ಕ.

ದುಂಡಪ್ಪ ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಗೌಡರ ಕೈಗೆ ಕೊಟ್ಟ. ಗೌಡರು ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವಂತೆ ಓದಿದರು.

"ಜಾನುವಾರು, ಒಂದು. ಬಣ್ಣ, ಬಿಳಿ. ಗುರುತು, ಇಲ್ಲಿ ಗಾಡಿ ನಂಬರ ಬರದೈತಿ. ನಡಿಗೆ, ಚೆನ್ನಾಗಿದೆ. ರೋಗ, ಇಲ್ಲ. ನಾನು ಖುದ್ದಾಗಿ ಪರೀಕ್ಷಿಸಿ ನೋಡಿ ಈ ಪ್ರಮಾಣಪತ್ರ ಕೊಟ್ಟಿರುತ್ತೇನೆ. ಸಹಿ, ನಿಜಗುಣಪ್ಪ. ಸಿಕ್ಕಾನೂ ಐತಿ."

ಸಿಕ್ಕಾ ಸರ್ಕಾರದ ಮೊಹರು, ನೇರಳೆ ಬಣ್ಣದ್ದು, ಅವನೇ ಒತ್ತಿದ್ದು. ಪ್ರತಿ ಸಂತೆಯಲ್ಲಿ ದುಂಡಪ್ಪ ಐವತ್ತು ಚೀಟಿಗಳ ಕಟ್ಟನ್ನು ಭರ್ತಿ ಮಾಡಿ ತರುತ್ತಿದ್ದ. ನಿಜಗುಣಪ್ಪ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಒಂದು ಕೈಯಲ್ಲಿ ಕಪ್ಪು ಹಿಡಿದು, ಇನ್ನೊಂದು ಕೈಯಲ್ಲಿ ಸಹಿ ಹಾಕುತ್ತಿದ್ದ. ಹೋದ ವಾರದ ಐವತ್ತರಲ್ಲಿ ಒಂದು ಇದು. ಎತ್ತು ಮಲಗಿತೆಂದು ಬಂದ ರೈತರಿಗೆಲ್ಲ ಇದೇ ಕಟ್ಟೆಯ ಮುಂದೆ ನಿಂತು, "ಚೀಟಿ ಐತಲ್ಲಾ, ಹೋಗ್ರಿ" ಎಂದು ಹೇಳಿ ಕಳಿಸಿದವನೂ ಅವನೇ.

"ಅಲ್ರಿ ಗೌಡ್ರ," ಎಂದ ನಿಜಗುಣಪ್ಪ. ನಾಲಿಗೆ ಅವಸರ ಮಾಡಿತು. "ಇದು ನಾ ನೋಡಿ ಮಾಡಿದ್ದಲ್ಲರಿ. ಚೀಟಿ ಕಟ್ಟಗಟ್ಟಲೆ ತಂದ ಇಡತಾನ. ನಾ ಒಂದನ್ನೂ ನೋಡೂದಿಲ್ಲ, ಸುಮ್ಮ ಸೈ ಮಾಡತೇನಿ."

ಗುಂಪಿನೊಳಗಿಂದ ಒಬ್ಬ ಮುದುಕಿ ಮುಂದೆ ಬಂದಳು. ಅವಳ ಹಿಂದೆ ಹಗ್ಗ ಹಿಡಿದು ತಂದ ಒಂದು ದೊಡ್ಡ ಎತ್ತು.

"ಏನಂದಿ ಯಪ್ಪಾ? ಒಂದನ್ನೂ ನೋಡೂದಿಲ್ಲ?" ಎಂದಳು. "ನಾ ಕರೆವ್ವ. ಮೂರ ಸಂತಿ ಹಿಂದ ನಿನ್ನ ಚೀಟಿ ನೋಡಿ ಇದನ್ನ ತಗೊಂಡೆ. ನೊಗಾ ಕಂಡ್ರ ಮಲಗತೈತಿ. ಎರಡ ಸಲ ಹೊಡಕೊಂಡ ಬಂದೇನಿ. ಎರಡೂ ಸಲ ಚೀಟಿ ಐತಿ ಅಂತ ಕಳಿಸಿದಿ."

ಅವಳ ಹಿಂದೆ ಇನ್ನೊಬ್ಬ ಬಂದ, ಅವನ ಹಿಂದೆ ಮತ್ತೆ ಹತ್ತಾರು ಮಂದಿ. ಎಲ್ಲರ ಕೈಯಲ್ಲೂ ನೇರಳೆ ಸಿಕ್ಕಾದ ಚೀಟಿ. ಯಾರೂ ಕೂಗಲಿಲ್ಲ. ಹಗ್ಗ ಹಿಡಿದ ಕೈಗಳೆಲ್ಲ ಹಗ್ಗದ ಇನ್ನೊಂದು ತುದಿಯನ್ನು ಬಾರುಕೋಲಿನಂತೆ ಸುತ್ತಿಕೊಳ್ಳುತ್ತಿದ್ದವು. ಹಣಮಂತಪ್ಪ ಕಾರಿನಿಂದ ಇಳಿದು, ಬಂದವರಲ್ಲಿ ಒಬ್ಬನಂತೆ ಗುಂಪು ಸೇರಿದ.

ರುದ್ರಗೌಡರು ಚೀಟಿಯನ್ನು ಮಡಚಿದರು. "ವಿಚಾರ ಮಾಡಿ ಹೇಳ್ರಿ ಸಾಹೇಬ್ರ. ನೋಡಿಲ್ಲ ಅಂದ್ರ, ಕಾರಿನ ರೊಕ್ಕ ದುಂಡಪ್ಪ ಕೊಡತಾನ. ಈ ಮಂದಿ ಎತ್ತಿನ ರೊಕ್ಕ ನೀವ ಕೊಡಬೇಕು. ನೋಡೇನಿ ಅಂದ್ರ, ಎಲ್ಲಾ ಚೀಟಿ ಖರೆ. ಕಾರಿಂದೂ ಖರೆ."

ನಿಜಗುಣಪ್ಪ ಎದುರಿನ ಎತ್ತುಗಳನ್ನು ಎಣಿಸಲು ನೋಡಿದ. ಹತ್ತಕ್ಕೆ ಬಂದು ಬಿಟ್ಟ. ಕಾರು ಒಂದೇ ಇತ್ತು.

"ನೋಡೇನ್ರಿ," ಅಂದ.

"ಎಲ್ಲಾನೂ?"

"ಎಲ್ಲಾನೂ ನೋಡೇನ್ರಿ. ಎಲ್ಲಾ ಚೊಲೊ ಅದಾವು."

"ಕಾರು?"

"ಅದೂ ಚೊಲೊ ಐತ್ರಿ."

ಮೀರಾಸಾಬ ಎಣ್ಣೆಯ ಕಡ್ಡಿಯನ್ನು ತನ್ನ ಪ್ಯಾಂಟಿಗೆ ಒರೆಸಿಕೊಂಡು, ಸದ್ದಿಲ್ಲದೆ ಇಂಜಿನ್ನಿಗೆ ಸಿಕ್ಕಿಸಿದ. ಹೊತ್ತು ಮುಳುಗಿತು.

ಗುಂಪು ಚದುರುತ್ತದೆ ಎಂದು ನಿಜಗುಣಪ್ಪ ಕಾದ. ಕರೆವ್ವ ಮಾತ್ರ ಹೋಗಲಿಲ್ಲ. ಎತ್ತಿನ ಮೈ ಸವರುತ್ತ ಗೌಡರನ್ನು ಕೇಳಿದಳು:

"ಗೌಡ್ರ, ಇದು ಚೊಲೊ ಎತ್ತಂತ ಸಾಹೇಬರ ಬಾಯಿಂದ ಈಗ ಹತ್ತ ಮಂದಿ ಮುಂದ ಬಂತು. ನಾ ಮುದಿಕ್ಯಾಗೇನಿ, ನನಗ ಇಷ್ಟ ಚೊಲೊ ಎತ್ತ ತಾಳೂದಿಲ್ಲ. ಕೊಂಡ ದರಕ್ಕ ಮಾರತೇನಿ. ಸಾಹೇಬರ ಹಂತೇಕ ಎಳಿಸಾಕ ಕಾರೂ ಐತಿ. ಅವರ ತಗೊಳ್ಳಲಿ."

"ನನಗ ಎತ್ತ ಯಾಕಬೇ?" ಎಂದ ನಿಜಗುಣಪ್ಪ.

"ಯಾಕ ಬ್ಯಾಡ? ಎತ್ತಿಗೇನಾಗೇತಿ ಹೇಳು."

ಅವನು ಬಾಯಿ ತೆರೆದ. ಹಿಂದೆ ನಿಂತ ಹತ್ತು ಮಂದಿ ಉತ್ತರಕ್ಕೆ ಕಿವಿ ಚಾಚಿದರು. ಬಾಯಿ ಮುಚ್ಚಿದ.

"ಚೊಲೊ ಎತ್ತ, ಚೊಲೊ ದರ. ಬ್ಯಾಡ ಅನ್ನಾಕ ಕಾರಣ ಕಾಣೂದಿಲ್ಲ," ಎಂದು ರುದ್ರಗೌಡರು ತೀರ್ಪು ಕೊಟ್ಟರು. ದುಂಡಪ್ಪ ತನ್ನ ದಲ್ಲಾಳಿ ರೊಕ್ಕವನ್ನು ಇಬ್ಬರಿಗೂ ಬಿಟ್ಟುಕೊಡುವುದಾಗಿ ದೊಡ್ಡ ಮನಸ್ಸು ತೋರಿದ. ಕರೆವ್ವ ನಿಜಗುಣಪ್ಪನ ಕೈ ಬಿಡಿಸಿ, ಹಗ್ಗವನ್ನಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

ಒಂದು ಕಡೆ ಹಳದಿ ನೀರು ಸುರಿಸುವ ಕಾರು, ಇನ್ನೊಂದು ಕಡೆ ನೊಗ ಕಂಡರೆ ಮಲಗುವ ಎತ್ತು. ನಡುವೆ ನಿಂತ ನಿಜಗುಣಪ್ಪನಿಗೆ ಒಂದೇ ಒಂದು ಮಾತು ತಿಳಿಯಬೇಕಿತ್ತು. ದುಂಡಪ್ಪನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದ.

"ಈ ಎತ್ತನ್ನರ ಬರೂ ಸಂತಿಗೆ ವಾಪಸ್ ತಂದ್ರ ನಡೀತೈತೇನೋ?"

ದುಂಡಪ್ಪ ಅವನ ಹೆಗಲ ಮೇಲೆ ಕೈಯಿಟ್ಟ.

"ಹೆಂಗ ನಡೀತೈತ್ರಿ ಸಾಹೇಬ್ರ? ಚೀಟಿ ಐತಲ್ಲ."